ನವೆಂಬರಿನ ಎರಡು ಚೀಲ: ಮಲಾವಿಯ ಗೊಬ್ಬರ ಸಹಾಯಧನದ ಒಂದು ಪ್ರಕರಣ ಅಧ್ಯಯನ

2005ರ ಸುಗ್ಗಿ ಮುಗಿದಾಗ ಆಫ್ರಿಕದ ಆಗ್ನೇಯ ಭಾಗದ ಪುಟ್ಟ ದೇಶ ಮಲಾವಿಯ ಲೆಕ್ಕದಲ್ಲಿ ಎರಡು ಅಂಕಿಗಳು ಎದುರುಬದುರು ನಿಂತಿದ್ದವು. ವರ್ಷದ ಊಟಕ್ಕೆ ಬೇಕಾದ ಮುಸುಕಿನ ಜೋಳ ಸುಮಾರು 21 ಲಕ್ಷ ಟನ್. ಹೊಲಗಳಿಂದ ಮನೆಗೆ ಬಂದದ್ದು ಸುಮಾರು 12 ಲಕ್ಷ ಟನ್. ಆಗ ಒಂದೂಕಾಲು ಕೋಟಿಯ ಆಸುಪಾಸಿನಲ್ಲಿದ್ದ ಜನಸಂಖ್ಯೆಯಲ್ಲಿ ಸುಮಾರು 50 ಲಕ್ಷ ಜನ ಹೊರಗಿನ ನೆರವಿಗೆ ಕೈಯೊಡ್ಡಬೇಕಾಯಿತು. ಎರಡೇ ವರ್ಷಗಳಲ್ಲಿ, 2007ರ ಸುಗ್ಗಿಯಲ್ಲಿ, ಅದೇ ದೇಶ 30 ಲಕ್ಷ ಟನ್ನಿಗಿಂತ ಹೆಚ್ಚು ಬೆಳೆದೆವೆಂದು ಘೋಷಿಸಿ ಜಿಂಬಾಬ್ವೆಗೆ ಮುಸುಕಿನ ಜೋಳ ಮಾರಿತು. ಮುಂದೆ 2016-17ರಲ್ಲಿ ಮತ್ತೆ 65 ಲಕ್ಷಕ್ಕೂ ಹೆಚ್ಚು ಜನ ಆಹಾರ ನೆರವಿನ ಪಟ್ಟಿಗೆ ಬಂದರು. ಈ ಏರಿಳಿತದ ನಡುವೆ ಇದ್ದದ್ದು ಒಂದೇ ಕಾರ್ಯಕ್ರಮ: ಬಡ ರೈತ ಕುಟುಂಬಕ್ಕೆ ಬಿತ್ತನೆಯ ಹೊತ್ತಿನಲ್ಲಿ ಅಗ್ಗದ ದರಕ್ಕೆ ಎರಡು ಚೀಲ ರಾಸಾಯನಿಕ ಗೊಬ್ಬರ ಮತ್ತು ಒಂದಿಷ್ಟು ಸುಧಾರಿತ ಬೀಜ.

ಈ ಕಾರ್ಯಕ್ರಮವನ್ನು ಹೊಗಳಿ ಬರೆದವರೂ ಬಹಳ, ತೆಗಳಿದವರೂ ಬಹಳ. ಬೇಸಾಯದ ಉತ್ಪಾದಕತೆ ಮತ್ತು ಮನೆಯ ಆಹಾರ ಭದ್ರತೆ ಎಂಬ ಎರಡು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಲೆಕ್ಕವೆಂದು ತಿಳಿದದ್ದೇ ಈ ಪ್ರಕರಣದ ಗಂಟು ಎಂಬುದು ನನ್ನ ಅಭಿಪ್ರಾಯ. ಮೊದಲ ಹೆಜ್ಜೆ ಸರಿಯಾಗಿಯೇ ಇತ್ತು. ಎಡವಿದ್ದು ಆ ಹೆಜ್ಜೆಯನ್ನು ಅಲ್ಲಿಂದ ಮುಂದಕ್ಕೆ ಇಡದೆ ಇದ್ದಾಗ.

ಊಟ, ಮಳೆ ಮತ್ತು ಹಸಿವಿನ ತಿಂಗಳುಗಳು

ಮಲಾವಿಯ ಜನರ ನಿತ್ಯದ ಊಟ ನ್ಸಿಮಾ. ಮುಸುಕಿನ ಜೋಳದ ಬಿಳಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗುವವರೆಗೆ ತೊಳಸಿ ಮಾಡುವ ಈ ಪದಾರ್ಥವನ್ನು ಸೊಪ್ಪು, ಕಾಳು ಅಥವಾ ಸರೋವರದ ಮೀನಿನ ಸಾರಿನೊಡನೆ ತಿನ್ನುತ್ತಾರೆ. ಮುದ್ದೆ ಉಣ್ಣುವ ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಇನ್ನೂ ಹತ್ತಿರದ ನಂಟೊಂದಿದೆ: ಅಮೆರಿಕ ಖಂಡದಿಂದ ಬಂದ ಮುಸುಕಿನ ಜೋಳ ಇಪ್ಪತ್ತನೆಯ ಶತಮಾನದಲ್ಲಿ ಊಟದ ತಟ್ಟೆಯನ್ನು ಪೂರ್ತಿ ಆವರಿಸುವ ಮೊದಲು ಈ ನಾಡಿನವರೂ ಜೋಳ ಮತ್ತು ರಾಗಿಯನ್ನೇ ಬೆಳೆದು ತಿನ್ನುತ್ತಿದ್ದರು, ಮತ್ತು ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶವೇ. ಬರ ತಡೆಯುವ ಆ ಧಾನ್ಯಗಳು ಹಿಂದೆ ಸರಿದು, ಹೂ ಬಿಡುವ ಹೊತ್ತಿನಲ್ಲಿ ಎರಡು ವಾರ ಮಳೆ ಕೈಕೊಟ್ಟರೂ ತೆನೆ ಜೊಳ್ಳಾಗುವ ಬೆಳೆಯೊಂದು ದೇಶದ ಅನ್ನವಾಯಿತು. ಮುಸುಕಿನ ಜೋಳವೆಂದರೆ ಜೀವ ಎಂಬ ಮಾತು ಅಲ್ಲಿನ ಚಿಚೇವ ಭಾಷೆಯಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಇಲ್ಲಿಂದ ಮುಂದೆ ಜೋಳವೆಂದಾಗಲೆಲ್ಲ ಮುಸುಕಿನ ಜೋಳವೆಂದೇ ಅರ್ಥ.

ಮಳೆಗಾಲ ಒಂದೇ. ನವೆಂಬರಿನಲ್ಲಿ ಬಿತ್ತನೆ, ಏಪ್ರಿಲ್-ಮೇ ತಿಂಗಳಲ್ಲಿ ಕೊಯ್ಲು. ಸರಾಸರಿ ಹಿಡುವಳಿ ಒಂದು ಹೆಕ್ಟೇರಿನ ಆಸುಪಾಸು. ಜನದಟ್ಟಣೆ ಹೆಚ್ಚಿರುವ ದಕ್ಷಿಣದಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಅಷ್ಟು ನೆಲದಲ್ಲಿ ಗೊಬ್ಬರವಿಲ್ಲದೆ ಬೆಳೆದ ಜೋಳ ಬಡ ಕುಟುಂಬಕ್ಕೆ ವರ್ಷ ಪೂರ್ತಿ ಸಾಲುವುದಿಲ್ಲ. ಕಣಜ ಬರಿದಾಗುವುದು ಡಿಸೆಂಬರ್ ಹೊತ್ತಿಗೆ, ಮುಂದಿನ ತೆನೆ ಕೈಗೆ ಬರುವುದು ಮಾರ್ಚ್ ಕಳೆದ ಮೇಲೆ. ಈ ನಡುವಿನ ತಿಂಗಳುಗಳೇ ಹಸಿವಿನ ತಿಂಗಳುಗಳು. ಹೊಲದಲ್ಲಿ ಕೆಲಸ ಅತಿ ಹೆಚ್ಚು ಇರುವುದೂ ಆಗಲೇ.

ಬಡತನ ತನ್ನನ್ನು ತಾನೇ ಬೆಳೆಸಿಕೊಳ್ಳುವ ಬಗೆ ಇಲ್ಲಿ ಕಾಣುತ್ತದೆ. ಮನೆಯಲ್ಲಿ ಕಾಳಿಲ್ಲದವರು ಉಳ್ಳವರ ಹೊಲಕ್ಕೆ ದಿನಗೂಲಿಗೆ ಹೋಗುತ್ತಾರೆ. ಅಲ್ಲಿ ಅದಕ್ಕೆ ಗನ್ಯು ಎಂದು ಹೆಸರು. ಕೂಲಿ ಹಲವು ವೇಳೆ ಹಣದ ಬದಲು ಹಿಟ್ಟು ಅಥವಾ ಕಾಳಿನ ರೂಪದಲ್ಲಿ ಸಿಗುತ್ತದೆ. ಪರರ ಹೊಲದಲ್ಲಿ ಕಳೆ ತೆಗೆಯುವ ಹೊತ್ತಿನಲ್ಲಿ ತಮ್ಮ ಹೊಲದಲ್ಲಿ ಕಳೆ ಬೆಳೆಯುತ್ತದೆ, ಬಿತ್ತನೆ ತಡವಾಗುತ್ತದೆ, ಸುಗ್ಗಿಯಲ್ಲಿ ಕಾಳು ಮತ್ತಷ್ಟು ಕಡಿಮೆಯಾಗುತ್ತದೆ, ಮುಂದಿನ ವರ್ಷ ಕೂಲಿಗೆ ಹೋಗುವ ದಿನ ಇನ್ನೂ ಬೇಗ ಬರುತ್ತದೆ. ಗೊಬ್ಬರಕ್ಕೆ ಹಣ ಬೇಕಾದದ್ದು ನವೆಂಬರಿನಲ್ಲಿ, ಅಂದರೆ ಕೈಯಲ್ಲಿ ಬಿಡಿಗಾಸೂ ಉಳಿಯದ ತಿಂಗಳಿನಲ್ಲಿ. ಸಮುದ್ರದ ದಂಡೆಯಿಲ್ಲದ ದೇಶಕ್ಕೆ ಗೊಬ್ಬರ ಬರಬೇಕಾದದ್ದು ಮೊಜಾಂಬಿಕ್‌ನ ಬೈರಾ ಮತ್ತು ನಕಾಲಾ, ತಾಂಜಾನಿಯದ ದಾರ್ ಎಸ್ ಸಲಾಮ್, ಇಲ್ಲವೇ ದಕ್ಷಿಣ ಆಫ್ರಿಕದ ಡರ್ಬನ್ ಬಂದರಿನಿಂದ. ಲಾರಿ ಬಾಡಿಗೆಯೇ ಬೆಲೆಯ ದೊಡ್ಡ ಪಾಲನ್ನು ನುಂಗುತ್ತದೆ. ಗೊಬ್ಬರದಿಂದ ಲಾಭವಿದೆಯೆಂಬುದನ್ನು ರೈತರು ಬಲ್ಲರು. ಬಲ್ಲದ್ದನ್ನು ಕೊಳ್ಳಲು ಆಗುತ್ತಿರಲಿಲ್ಲ.

ಅದಕ್ಕೂ ಹಿಂದಿನ ಮಾತು

1964ರ ಸ್ವಾತಂತ್ರ್ಯದ ನಂತರ 1994ರವರೆಗೆ ದೇಶವನ್ನಾಳಿದ ಹೇಸ್ಟಿಂಗ್ಸ್ ಬಂಡಾ ಅವರ ಕಾಲದಲ್ಲಿ ಸರ್ಕಾರವೇ ಗೊಬ್ಬರವನ್ನು ಅಗ್ಗದಲ್ಲಿ ಮಾರಿ, ಬೆಳೆದ ಜೋಳವನ್ನು ನಿಗದಿತ ಬೆಲೆಗೆ ಕೊಳ್ಳುತ್ತಿತ್ತು. ಇದಕ್ಕೆಂದು 1971ರಲ್ಲಿ ಆಡ್ಮಾರ್ಕ್ ಎಂಬ ಮಾರಾಟ ಮಂಡಳಿ ಹುಟ್ಟಿತು. ಅದೇ ಮಂಡಳಿ ಸಣ್ಣ ರೈತರಿಂದ ಕಡಿಮೆ ಬೆಲೆಗೆ ಕೊಂಡು ಗಳಿಸಿದ ಹಣ ದೊಡ್ಡ ತಂಬಾಕು ತೋಟಗಳ ಕಡೆ ಹರಿಯಿತೆಂಬುದನ್ನೂ ಹೇಳಬೇಕು. ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸರಿಯಲ್ಲ. 1981ರಿಂದ ವಿಶ್ವ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಷರತ್ತುಗಳಂತೆ ಸಹಾಯಧನಗಳು ಹಂತಹಂತವಾಗಿ ಕರಗಿದವು. ತೊಂಬತ್ತರ ದಶಕದ ನಡುವಿಗೆ ರೈತರ ಸಾಲ ವ್ಯವಸ್ಥೆಯೂ ಕುಸಿಯಿತು, ಕ್ವಾಚಾ ನಾಣ್ಯದ ಮೌಲ್ಯವೂ ಬಿತ್ತು.

ಇದೇ ಅವಧಿಯ ಸಂಶೋಧನೆಯೊಂದು ನೆನಪಿಡತಕ್ಕದ್ದು. ಹೈಬ್ರಿಡ್ ಜೋಳ ಮಲಾವಿಗೆ ಬಂದು ದಶಕಗಳಾಗಿದ್ದರೂ ಮನೆಯ ಊಟಕ್ಕೆ ಬೆಳೆಯುವವರು ಅದನ್ನು ಒಲ್ಲೆನ್ನುತ್ತಿದ್ದರು. ಕೃಷಿ ಇಲಾಖೆಗಳು ಇಂಥದ್ದನ್ನು ರೈತರ ಹಟವೆಂದು ಬರೆದುಕೊಳ್ಳುವುದು ಎಲ್ಲ ದೇಶಗಳಲ್ಲೂ ಇರುವ ಅಭ್ಯಾಸ. ನಿಜವಾದ ಕಾರಣ ಒರಳಿನಲ್ಲಿತ್ತು. ಅಲ್ಲಿನ ಹೆಂಗಸರು ಕಾಳನ್ನು ಒನಕೆಯಿಂದ ಕುಟ್ಟಿ, ತೌಡು ತೆಗೆದು, ನೆನೆಸಿ, ಒಣಗಿಸಿ, ಮತ್ತೆ ಕುಟ್ಟಿ ಬಿಳಿ ಹಿಟ್ಟು ಮಾಡುತ್ತಾರೆ. ಗಟ್ಟಿ ಕಾಳಿನ ನಾಟಿ ತಳಿ ಇದಕ್ಕೆ ಒಗ್ಗುತ್ತದೆ. ಮೆದು ಕಾಳಿನ ಹೈಬ್ರಿಡ್ ಮೊದಲ ಕುಟ್ಟಿಗೇ ಪುಡಿಯಾಗಿ ಹಿಟ್ಟೂ ತೌಡೂ ಒಂದಾಗಿಬಿಡುತ್ತದೆ, ಕಣಜದಲ್ಲಿ ಹುಳುವೂ ಬೇಗ ಬೀಳುತ್ತದೆ. 1990ರಲ್ಲಿ ಗಟ್ಟಿ ಕಾಳಿನ ಗುಣವುಳ್ಳ ಎಂಎಚ್17 ಮತ್ತು ಎಂಎಚ್18 ಎಂಬ ತಳಿಗಳನ್ನು ಅಲ್ಲಿನ ತಳಿವಿಜ್ಞಾನಿಗಳು ಬಿಡುಗಡೆ ಮಾಡಿದ ಮೇಲೆ ಈ ಹಿಂಜರಿಕೆ ಸಡಿಲವಾಯಿತು. 2005ರ ನಂತರದ ಫಲಕ್ಕೆ ಗೊಬ್ಬರದ ಜೊತೆಗೆ ಈ ಹಿನ್ನೆಲೆಯೂ ಕಾರಣವೆಂಬುದನ್ನು ಬಹುತೇಕ ವರದಿಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

1998-99 ಮತ್ತು ಅದರ ಮುಂದಿನ ವರ್ಷ ಸುಮಾರು 28 ಲಕ್ಷ ಕುಟುಂಬಗಳಿಗೆ, ಕಾಲು ಎಕರೆಗೆ ಸಾಲುವಷ್ಟು ಬೀಜ, ಗೊಬ್ಬರ ಮತ್ತು ದ್ವಿದಳ ಬೀಜದ ಸಣ್ಣ ಪೊಟ್ಟಣಗಳನ್ನು ಉಚಿತವಾಗಿ ಹಂಚಲಾಯಿತು. ಫಸಲು ಚೆನ್ನಾಗಿ ಬಂತು. ದಾನಿ ರಾಷ್ಟ್ರಗಳ ಒತ್ತಡದಿಂದ ಮುಂದೆ ಪೊಟ್ಟಣಗಳ ಸಂಖ್ಯೆಯನ್ನು ಅರ್ಧಕ್ಕೂ, ಆಮೇಲೆ ಅದಕ್ಕಿಂತ ಕೆಳಕ್ಕೂ ಇಳಿಸಲಾಯಿತು. ಅಷ್ಟರಲ್ಲಿ 2001ರಲ್ಲಿ ಅತಿವೃಷ್ಟಿಯಿಂದ ಬೆಳೆ ತಗ್ಗಿತು. ಸಿಹಿಗೆಣಸು, ಮರಗೆಣಸಿನಂಥ ಗೆಡ್ಡೆಗಳ ಇಳುವರಿಯನ್ನು ಕಾಗದದ ಮೇಲೆ ವಿಪರೀತ ಹೆಚ್ಚಾಗಿ ತೋರಿಸಿದ್ದರಿಂದ ಕೊರತೆ ತುಂಬಿಕೊಳ್ಳುತ್ತದೆಂದು ಎಲ್ಲರೂ ನಂಬಿದ್ದರು. ಹಣಕಾಸು ನಿಧಿ ದಾಸ್ತಾನನ್ನು ತಗ್ಗಿಸಲು ಸಲಹೆ ನೀಡಿತ್ತು. ದೇಶದ ಆಪದ್ಧಾನ್ಯ ಸಂಗ್ರಹ ಹೆಚ್ಚುಕಡಿಮೆ ಪೂರ್ತಿ ಮಾರಾಟವಾಗಿತ್ತು. ಮಾರಾಟದ ಹೊಣೆ ಯಾರದೆಂಬ ಜಗಳ ಇಂದಿಗೂ ಮುಗಿದಿಲ್ಲ. 2002ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬಕಿಲಿ ಮುಲುಜಿ ವಿಪತ್ತು ಘೋಷಿಸುವ ಹೊತ್ತಿಗೆ ಜನ ಹಸಿವಿನಿಂದ ಸಾಯತೊಡಗಿದ್ದರು. ಸತ್ತವರ ಅಂದಾಜು ಕೆಲವು ನೂರರಿಂದ ಕೆಲವು ಸಾವಿರದವರೆಗೆ ಹಬ್ಬಿದೆ. ಸಾವಿನ ಲೆಕ್ಕದಲ್ಲಿ ಇಷ್ಟು ಅಂತರ ಉಳಿದದ್ದೇ ಆ ಹಳ್ಳಿಗಳನ್ನು ಆಡಳಿತ ಎಷ್ಟು ದೂರದಿಂದ ನೋಡುತ್ತಿತ್ತೆಂಬುದನ್ನು ತಿಳಿಸುತ್ತದೆ.

ಎರಡು ಚೀಲಗಳ ಲೆಕ್ಕ

2004ರಲ್ಲಿ ಅಧ್ಯಕ್ಷರಾದ ಬಿಂಗು ವಾ ಮುಥಾರಿಕಾ ದೆಹಲಿಯಲ್ಲಿ ಅರ್ಥಶಾಸ್ತ್ರ ಓದಿದವರು. ಅವರು ಓದುತ್ತಿದ್ದ ಅರವತ್ತರ ದಶಕದಲ್ಲಿ ಭಾರತ ಹಸಿರು ಕ್ರಾಂತಿಯ ಹೊಸ್ತಿಲಲ್ಲಿತ್ತು. 2005ರ ಬರದ ನಂತರ ಅವರು ದಾನಿಗಳ ಹಣಕ್ಕೆ ಕಾಯದೆ, ದೇಶದ ಸ್ವಂತ ಬೊಕ್ಕಸದಿಂದ ಗೊಬ್ಬರ ಸಹಾಯಧನವನ್ನು ಮರಳಿ ತಂದರು. ವಿಶ್ವ ಬ್ಯಾಂಕ್ ಮತ್ತು ಪ್ರಮುಖ ದಾನಿ ರಾಷ್ಟ್ರಗಳು ಆರಂಭದಲ್ಲಿ ಇದನ್ನು ಒಪ್ಪಿರಲಿಲ್ಲ.

ಕ್ರಮ ಸರಳವಾಗಿತ್ತು. ಆಯ್ದ ಕುಟುಂಬಗಳಿಗೆ ಹಳ್ಳಿಯ ಮಟ್ಟದಲ್ಲಿ ಚೀಟಿಗಳನ್ನು ಹಂಚುವುದು. ಚೀಟಿ ಮತ್ತು 950 ಕ್ವಾಚಾ ಕೊಟ್ಟರೆ 50 ಕೆ.ಜಿ.ಯ ಒಂದು ಚೀಲ. ಮೊದಲ ವರ್ಷ ಆ ಮೊತ್ತ ಪೇಟೆ ಬೆಲೆಯ ಮೂರನೇ ಒಂದು ಭಾಗದಷ್ಟಿತ್ತು. ಒಂದು ಚೀಲ ಬಿತ್ತನೆಯ ಹೊತ್ತಿನ ಬುಡಗೊಬ್ಬರ, ಇನ್ನೊಂದು ಮೇಲುಗೊಬ್ಬರವಾಗಿ ಯೂರಿಯಾ. 2005-06ರಲ್ಲಿ ಸುಮಾರು 1.3 ಲಕ್ಷ ಟನ್, ಮುಂದಿನ ವರ್ಷ ಸುಮಾರು 1.75 ಲಕ್ಷ ಟನ್ ಗೊಬ್ಬರ ಹೀಗೆ ಮಾರಾಟವಾಯಿತು. ಬೀಜದ ಚೀಟಿಯೂ ಸೇರಿತು. ಮುಂದೆ ಶೇಂಗಾ, ಹುರುಳಿಕಾಯಿ ಮುಂತಾದ ದ್ವಿದಳ ಬೀಜಗಳಿಗೂ ಚೀಟಿ ಬಂತು.

ಈ ಎರಡು ಚೀಲಗಳನ್ನು ಬಿಚ್ಚಿ ನೋಡಿದರೆ ಪ್ರಕರಣದ ಅರ್ಧ ಮರ್ಮ ತಿಳಿಯುತ್ತದೆ. ಬುಡಗೊಬ್ಬರದಲ್ಲಿ ಸಾರಜನಕ ಶೇ 23, ಅಂದರೆ ಚೀಲಕ್ಕೆ 11.5 ಕೆ.ಜಿ.; ಯೂರಿಯಾದಲ್ಲಿ ಶೇ 46, ಅಂದರೆ 23 ಕೆ.ಜಿ. ಒಟ್ಟು 34.5 ಕೆ.ಜಿ. ಸಾರಜನಕ. ಸಕಾಲದಲ್ಲಿ ಬಿತ್ತಿ, ಎರಡು ಬಾರಿ ಕಳೆ ತೆಗೆದು, ಗಿಡದ ಬುಡಕ್ಕೆ ಸರಿಯಾಗಿ ಹಾಕಿದರೆ ಒಂದು ಕೆ.ಜಿ. ಸಾರಜನಕಕ್ಕೆ 15 ಕೆ.ಜಿ. ಹೆಚ್ಚುವರಿ ಕಾಳು ಬರುವುದೆಂದು ಹಿಡಿಯೋಣ. ಆಗ ಎರಡು ಚೀಲದಿಂದ ಸುಮಾರು 520 ಕೆ.ಜಿ. ಜೋಳ ಸಿಗುತ್ತದೆ. ತಲೆಗೆ ವರ್ಷಕ್ಕೆ 130 ಕೆ.ಜಿ.ಯಂತೆ ನಾಲ್ಕು ಜನರ ವರ್ಷದ ಊಟ. ನೂರು ಕೆ.ಜಿ. ಗೊಬ್ಬರವನ್ನು ಬಂದರಿನಿಂದ ಲಾರಿಯಲ್ಲಿ ಹೊರುವುದು ಮೇಲೋ, ಐನೂರು ಕೆ.ಜಿ. ಜೋಳವನ್ನು ಅದೇ ದಾರಿಯಲ್ಲಿ ಹೊರುವುದು ಮೇಲೋ ಎಂದು ಕೇಳಿದರೆ, ಬಂದರಿಲ್ಲದ ದೇಶಕ್ಕೆ ಉತ್ತರ ಸ್ಪಷ್ಟ. ಮುಥಾರಿಕಾ ಅವರ ನಿರ್ಧಾರದ ಹಿಂದಿನ ತರ್ಕದಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ.

ಆದರೆ ಅದೇ ಲೆಕ್ಕದಲ್ಲಿ ಹದಿನೈದರ ಬದಲು ಎಂಟನ್ನು ಇಟ್ಟು ನೋಡಿ. ಗೊಬ್ಬರ ಎರಡು-ಮೂರು ವಾರ ತಡವಾಗಿ ಬಂತು, ಮನೆಯವರು ಕೂಲಿಗೆ ಹೋಗಿದ್ದರಿಂದ ಕಳೆ ತೆಗೆಯಲಾಗಲಿಲ್ಲ, ಮಣ್ಣಿನಲ್ಲಿ ಸಾವಯವ ಅಂಶ ಸವೆದುಹೋಗಿ ನೀರು ನಿಲ್ಲದು, ಜೋಳದ ಬೇರಿಗೆ ಅಂಟಿ ರಸ ಹೀರುವ ಪರಾವಲಂಬಿ ಕಳೆ ಬೇರೆ. ಆಗ ಸಿಗುವುದು ಸುಮಾರು 275 ಕೆ.ಜಿ., ಇಬ್ಬರ ಊಟ. ಸರ್ಕಾರಕ್ಕೆ ಖರ್ಚು ಮಾತ್ರ ಅಷ್ಟೇ. ಸಣ್ಣ ರೈತರ ಹೊಲಗಳಲ್ಲಿ ಅಳೆದ ಅಧ್ಯಯನಗಳು ಹೆಚ್ಚಾಗಿ ಈ ಎರಡನೆಯ ಅಂಕಿಯ ಅಕ್ಕಪಕ್ಕದಲ್ಲಿಯೇ ನಿಂತಿವೆ. ಹಾಗಾಗಿ ಕಾರ್ಯಕ್ರಮದ ಲಾಭ-ನಷ್ಟ ತೀರ್ಮಾನವಾದದ್ದು ರಾಜಧಾನಿ ಲಿಲಾಂಗ್ವೆಯ ಟೆಂಡರ್ ಕೊಠಡಿಯಲ್ಲಿ ಎಷ್ಟೋ, ಹೊಲದ ಮಣ್ಣಿನಲ್ಲಿಯೂ ಡಿಸೆಂಬರಿನ ಕಳೆಯಲ್ಲಿಯೂ ಅಷ್ಟೇ. ತೊಂಬತ್ತರ ದಶಕದಲ್ಲಿ ಮಲಾವಿಯ ವಿಜ್ಞಾನಿಗಳೇ ದೇಶದುದ್ದಕ್ಕೂ ರೈತರ ಹೊಲಗಳಲ್ಲಿ ಪ್ರಯೋಗ ನಡೆಸಿ, ಮಣ್ಣು ಮತ್ತು ಬೆಲೆಗೆ ತಕ್ಕಂತೆ ಗೊಬ್ಬರದ ಪ್ರಮಾಣ ಬೇರೆಯಾಗಬೇಕೆಂದು ಶಿಫಾರಸು ಮಾಡಿದ್ದರು. ಚೀಟಿಯ ಮೇಲೆ ಆ ಶಿಫಾರಸಿಗೆ ಜಾಗವಿರಲಿಲ್ಲ. ಎಲ್ಲ ಜಿಲ್ಲೆಗೂ ಅವೇ ಎರಡು ಚೀಲ.

ಏರಿದ ಅಂಕಿ, ಏರಿದ ಬೆಲೆ

2006ರ ಸುಗ್ಗಿಯಲ್ಲಿ ಸುಮಾರು 26 ಲಕ್ಷ ಟನ್, 2007ರಲ್ಲಿ 32ರಿಂದ 34 ಲಕ್ಷ ಟನ್ ಜೋಳ ಬಂತೆಂದು ಸರ್ಕಾರ ಹೇಳಿತು. ಮಳೆಯೂ ಎರಡೂ ವರ್ಷ ಒಲಿದಿತ್ತು. ಗೊಬ್ಬರದ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಜಿಂಬಾಬ್ವೆಗೆ 4 ಲಕ್ಷ ಟನ್ ರಫ್ತಿನ ಒಪ್ಪಂದವಾಗಿ, ಅದರ ಬಹುಪಾಲು ಗಡಿ ದಾಟಿತು. ತಜ್ಞರ ಮಾತು ಕೇಳದೆ ಹಸಿವನ್ನು ಗೆದ್ದ ದೇಶವೆಂದು ಜಗತ್ತಿನ ಪತ್ರಿಕೆಗಳು ಮಲಾವಿಯನ್ನು ಕೊಂಡಾಡಿದವು.

ಅದೇ ಹೊತ್ತಿನಲ್ಲಿ ದೇಶದೊಳಗಿನ ಸಂತೆಗಳಲ್ಲಿ ಜೋಳದ ಬೆಲೆ ಏರತೊಡಗಿತು. ದೇಶಕ್ಕೆ ಬೇಕಾದದ್ದಕ್ಕಿಂತ ಹತ್ತಾರು ಲಕ್ಷ ಟನ್ ಹೆಚ್ಚು ಬೆಳೆದಿದ್ದರೆ 2008ರ ಆರಂಭದಲ್ಲಿ ಬೆಲೆ ಹಾಗೆ ಜಿಗಿಯಲು ಕಾರಣವಿರಲಿಲ್ಲ. ಸರ್ಕಾರ ರಫ್ತು ನಿಲ್ಲಿಸಿತು, ಖಾಸಗಿ ವ್ಯಾಪಾರಕ್ಕೆ ಕಡಿವಾಣ ಹಾಕಿತು. ರೈತ ಕುಟುಂಬಗಳ ಸಂಖ್ಯೆಯ ಬಗ್ಗೆಯೇ ಕೃಷಿ ಇಲಾಖೆ ಮತ್ತು ರಾಷ್ಟ್ರೀಯ ಅಂಕಿಅಂಶ ಕಚೇರಿಯ ನಡುವೆ ಲಕ್ಷಗಟ್ಟಲೆ ವ್ಯತ್ಯಾಸವಿತ್ತು. ಕುಟುಂಬಗಳ ಲೆಕ್ಕವೇ ಸಡಿಲವಾದಾಗ ಕಾಳಿನ ಲೆಕ್ಕ ಬಿಗಿಯಾಗಿರಲು ಸಾಧ್ಯವಿಲ್ಲ. ಇಳುವರಿ ಏರಿದ್ದು ನಿಜ. ಸರ್ಕಾರ ಹೇಳಿದಷ್ಟು ಏರಿರಲಿಲ್ಲವೆಂಬುದು ಬೆಲೆಗಳ ಸಾಕ್ಷ್ಯ. ಈ ಕಾರ್ಯಕ್ರಮವನ್ನು ವರ್ಷ ವರ್ಷವೂ ಅಳೆದ ಆಂಡ್ರೂ ಡಾರ್ವರ್ಡ್ ಮತ್ತು ಮಲಾವಿಯವರೇ ಆದ ಎಫ್ರಾಯಿಮ್ ಚಿರ್ವಾ ಅವರ ಲೆಕ್ಕದಲ್ಲಿ 2006-07ರ ಲಾಭ ಮತ್ತು ವೆಚ್ಚದ ಅನುಪಾತ ಒಂದರ ಆಚೀಚೆ ಇತ್ತು. ಇದು ಪವಾಡವೂ ಅಲ್ಲ, ಪೋಲೂ ಅಲ್ಲ. ಜೋಳವನ್ನು ಕೊಂಡು ತಿನ್ನುವ ಕುಟುಂಬಗಳೇ ಹಳ್ಳಿಗಳಲ್ಲಿ ಹೆಚ್ಚಾಗಿರುವುದರಿಂದ ಬೆಲೆ ಇಳಿದರೆ ಮತ್ತು ಗನ್ಯು ಕೂಲಿ ಏರಿದರೆ ಅದೇ ಬಡವರಿಗೆ ದೊಡ್ಡ ಲಾಭವೆಂದು ಅವರು ತೋರಿಸಿದರು. ಈ ದೃಷ್ಟಿಯಿಂದ ನೋಡಿದರೆ 2008ರ ಬೆಲೆಯೇರಿಕೆ ಬರೀ ಅಂಕಿಅಂಶದ ಮುಜುಗರವಾಗಿ ಉಳಿಯುವುದಿಲ್ಲ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ ಅದು.

2008ರಲ್ಲಿ ಜಾಗತಿಕ ಪೇಟೆಯಲ್ಲಿ ಗೊಬ್ಬರದ ಬೆಲೆ ಹಲವು ಪಟ್ಟು ಏರಿತು. ರೈತ ಕೊಡಬೇಕಾದ ಮೊತ್ತವನ್ನು ಏರಿಸುವ ಬದಲು ಇಳಿಸಲಾಯಿತು. ಮೊದಲ ವರ್ಷ ಶೇ 64ರಷ್ಟಿದ್ದ ಸಹಾಯಧನದ ಪಾಲು ಶೇ 90 ದಾಟಿತು. 2008-09ರಲ್ಲಿ ಒಟ್ಟು ವೆಚ್ಚ ಸುಮಾರು 25 ಕೋಟಿ ಡಾಲರ್, ದೇಶದ ಬಜೆಟ್ಟಿನ ಸುಮಾರು ಶೇ 16. ಬಜೆಟ್ಟಿನ ಶೇ 10ನ್ನು ಕೃಷಿಗೆ ಇಡಬೇಕೆಂಬ 2003ರ ಮಾಪುಟೊ ಘೋಷಣೆಯನ್ನು ಮಲಾವಿ ಮೀರಿತೆಂದು ಹೆಮ್ಮೆಯಿಂದ ಹೇಳಲಾಯಿತು. ಆ ಹಣದಲ್ಲಿ ನೀರಾವರಿ, ವಿಸ್ತರಣಾ ಸೇವೆ, ಸಂಶೋಧನೆ, ಹಳ್ಳಿಯ ರಸ್ತೆಗೆ ಉಳಿದದ್ದು ಚೂರುಪಾರು. ನನ್ನ ದೃಷ್ಟಿಯಲ್ಲಿ ಕಾರ್ಯಕ್ರಮ ದಾರಿ ತಪ್ಪಿದ ವರ್ಷ ಇದೇ. 2009ರಲ್ಲಿ ಚುನಾವಣೆಯಿತ್ತು, ಮುಥಾರಿಕಾ ಭಾರಿ ಬಹುಮತದಿಂದ ಗೆದ್ದರು. ಆ ಮೇಲೆ ಚೀಲದ ಬೆಲೆಯನ್ನು ಮುಟ್ಟುವ ಧೈರ್ಯ ಯಾವ ರಾಜಕಾರಣಿಗೂ ಸುಲಭವಾಗಿ ಬರಲಿಲ್ಲ.

ಚೀಟಿ ಯಾರಿಗೆ ಎಂಬ ಪ್ರಶ್ನೆ ಹಳ್ಳಿಯೊಳಗೆ ಬೇರೆಯೇ ರೂಪ ತಾಳಿತು. ಸರ್ಕಾರದ ನಿಯಮದಂತೆ ಗೊಬ್ಬರ ಕೊಳ್ಳಲಾಗದ, ಆದರೆ ಬೇಸಾಯ ಮಾಡಬಲ್ಲ ಬಡ ಕುಟುಂಬಗಳು ಮೊದಲು. ಆದರೆ ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಡವರೇ ಆಗಿರುವಾಗ ಅರ್ಧ ಜನರಿಗೆ ಕೊಟ್ಟು ಅರ್ಧ ಜನರನ್ನು ಬಿಟ್ಟರೆ ಊರಿನ ಮುಖ್ಯಸ್ಥ ನಾಳೆ ಯಾರ ಮುಖ ನೋಡಬೇಕು? ಹಲವೆಡೆ ಮುಖ್ಯಸ್ಥರು ಚೀಟಿಗಳನ್ನು ಪಾಲು ಮಾಡಿದರು. ಎರಡು ಚೀಲ ಸಿಗಬೇಕಾದಲ್ಲಿ ಒಂದು, ಕೆಲವೆಡೆ ಅರ್ಧ ಚೀಲ. ಮೌಲ್ಯಮಾಪಕರ ಭಾಷೆಯಲ್ಲಿ ಇದು ಸೋರಿಕೆ. ಹಳ್ಳಿಯ ಬದುಕು ಬಲ್ಲವರಿಗೆ ಅದು ಸೋರಿಕೆಯಾಗಿ ಕಾಣಲಾರದು. ಬರಗಾಲದಲ್ಲಿ ಪರಸ್ಪರ ಅವಲಂಬಿಸಿ ಬದುಕಬೇಕಾದವರು ಜಗಳ ತಪ್ಪಿಸಿಕೊಂಡ ಬಗೆ ಅದು. ನಿಜವಾದ ಸೋರಿಕೆಯೂ ಇತ್ತು: ನಕಲಿ ಚೀಟಿ, ಸಂಬಂಧಿಕರ ಹೆಸರು, ಹಣವುಳ್ಳವರು ಪೂರ್ಣ ಬೆಲೆ ಕೊಟ್ಟು ಕೊಳ್ಳುತ್ತಿದ್ದ ಗೊಬ್ಬರವನ್ನು ಬಿಟ್ಟು ಚೀಟಿಯ ಗೊಬ್ಬರ ಹಿಡಿದದ್ದು. ಕೂಲಿಗೂ ಹೋಗಲಾಗದ ವೃದ್ಧರು, ಒಂಟಿ ಹೆಂಗಸರು ನಡೆಸುವ ಮನೆಗಳು 950 ಕ್ವಾಚಾ ಹೊಂದಿಸಲಾಗದೆ ಚೀಟಿಯನ್ನೇ ಮಾರಿದ್ದೂ ಉಂಟು.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಕ್ವಾಚಾದ ಮೌಲ್ಯವನ್ನು ಕೃತಕವಾಗಿ ಹಿಡಿದಿಟ್ಟದ್ದರಿಂದ ವಿದೇಶಿ ವಿನಿಮಯ ಬತ್ತಿತು. 2012ರ ಏಪ್ರಿಲ್‌ನಲ್ಲಿ ಮುಥಾರಿಕಾ ತೀರಿಕೊಂಡ ನಂತರ ಅಧಿಕಾರಕ್ಕೆ ಬಂದ ಜಾಯ್ಸ್ ಬಂಡಾ ಮೇ ತಿಂಗಳಿನಲ್ಲಿ ನಾಣ್ಯವನ್ನು ಸುಮಾರು ಮೂರನೇ ಒಂದರಷ್ಟು ಅಪಮೌಲ್ಯಗೊಳಿಸಿದರು. 2013ರಲ್ಲಿ ಬೊಕ್ಕಸದ ಲೂಟಿಯ ಹಗರಣ ಬಯಲಾಗಿ ದಾನಿಗಳು ಹಣ ನಿಲ್ಲಿಸಿದರು. 2015ರ ಜನವರಿಯಲ್ಲಿ ಪ್ರವಾಹ, ಬೆನ್ನಿಗೇ ಎಲ್ ನಿನೊ ಬರ. ಹತ್ತು ವರ್ಷ ಹಂಚಿದ ಗೊಬ್ಬರದಿಂದ ಮಳೆಯಿಲ್ಲದ ವರ್ಷಕ್ಕೆ ಒದಗುವ ಯಾವ ಆಸ್ತಿಯೂ ಹೊಲದಲ್ಲಿ ಉಳಿದಿರಲಿಲ್ಲ. ಒಂದನ್ನು ಮಾತ್ರ ಕಾರ್ಯಕ್ರಮದ ಪರವಾಗಿ ದಾಖಲಿಸಬೇಕು: ಐದು ವರ್ಷದೊಳಗಿನ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾದವರ ಪ್ರಮಾಣ 2010ರಲ್ಲಿ ಶೇ 47 ಇದ್ದದ್ದು 2015-16ಕ್ಕೆ ಶೇ 37ಕ್ಕೆ ಇಳಿಯಿತು. ಇದಕ್ಕೆ ಆರೋಗ್ಯ ಸೇವೆಯೂ ಕಾರಣ, ಎಲ್ಲವನ್ನೂ ಗೊಬ್ಬರದ ಖಾತೆಗೆ ಬರೆಯಲಾಗದು. ಆದರೂ ಶೇ 37 ಎಂದರೆ ಮೂವರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು. ಹಿಟ್ಟಿನಿಂದ ಹೊಟ್ಟೆ ತುಂಬುತ್ತದೆ, ಬೇಳೆಯಿಲ್ಲದೆ ಮಗು ಬೆಳೆಯುವುದಿಲ್ಲ.

ಅಕ್ಕಡಿ ಸಾಲಿನ ತೊಗರಿ

ಮಲಾವಿಯ ಉತ್ತರದಲ್ಲಿರುವ ಎಕ್ವೆಂಡೇನಿಯ ಆಸ್ಪತ್ರೆಯೊಂದು 2000ದಲ್ಲಿ ಕೈಹಾಕಿದ ಕೆಲಸ ಇಲ್ಲಿ ಪ್ರಸ್ತುತ. ಅಪೌಷ್ಟಿಕ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಮನೆಗೆ ಕಳಿಸಿದರೆ ಅವೇ ಮಕ್ಕಳು ಮತ್ತೆ ಬರುತ್ತಿರುವುದನ್ನು ಕಂಡ ಅಲ್ಲಿನವರು ರೋಗದ ಮೂಲವನ್ನು ಹೊಲದಲ್ಲಿ ಹುಡುಕಿದರು. ಶೇಂಗಾ ಮತ್ತು ತೊಗರಿಯನ್ನು ಜೊತೆಯಾಗಿ ಬೆಳೆದು, ಸುಗ್ಗಿಯ ನಂತರ ಸೊಪ್ಪು-ಸೆದೆಯನ್ನು ಸುಡದೆ ಮಣ್ಣಿಗೆ ಸೇರಿಸಿ, ಮರುವರ್ಷ ಅದೇ ನೆಲದಲ್ಲಿ ಜೋಳ ಹಾಕುವ ಪದ್ಧತಿಯನ್ನು ರೈತರೇ ಪರೀಕ್ಷಿಸಿ ಒಬ್ಬರಿಂದೊಬ್ಬರಿಗೆ ದಾಟಿಸಿದರು. ಸಾವಿರಾರು ಕುಟುಂಬಗಳಿಗೆ ಇದು ಹಬ್ಬಿತು. ಸೀಗ್ಲಿಂಡೆ ಸ್ನ್ಯಾಪ್ ಮತ್ತು ಸಂಗಡಿಗರು ದೇಶದ ಹಲವೆಡೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೊಗರಿಯಂಥ ದೀರ್ಘಾವಧಿ ದ್ವಿದಳದೊಂದಿಗೆ ಸರದಿ ಮಾಡಿದ ಜೋಳ ಅರ್ಧ ಗೊಬ್ಬರದಲ್ಲಿಯೇ ಸರಿಸುಮಾರು ಅಷ್ಟೇ ಕಾಳು ಕೊಟ್ಟಿತು. ವರ್ಷದಿಂದ ವರ್ಷಕ್ಕೆ ಇಳುವರಿಯ ಏರುಪೇರೂ ತಗ್ಗಿತು. ಒಂದು ಕೆ.ಜಿ. ಸಾರಜನಕಕ್ಕೆ ಸಿಗುವ ಕಾಳನ್ನು, ಮೇಲೆ ಹೇಳಿದಂತೆ, ಎಂಟು ಕೆ.ಜಿ.ಯಿಂದ ಹದಿನೈದಕ್ಕೆ ಏರಿಸುವ ದಾರಿ ಇದೇ. ಚೀಲಕ್ಕೆ ಎದುರಾಳಿಯಾಗಿ ಇದನ್ನು ನಿಲ್ಲಿಸಬೇಕಿಲ್ಲ. ಚೀಲದೊಳಗಿನ ಸಾರಜನಕ ಹೊಲದಲ್ಲಿ ನಿಲ್ಲಬೇಕಾದರೆ ಇದು ಬೇಕು.

ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವ ನಮ್ಮ ಹಳೆಯ ಮೈಸೂರು ಸೀಮೆಯ ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ. ಹೊಲಕ್ಕೆ ತಕ್ಕ ಗೊಬ್ಬರ ಎಂಬ ಇನ್ನೊಂದು ಸೂತ್ರವನ್ನು ಕರ್ನಾಟಕ 2009ರ ಭೂಚೇತನ ಕಾರ್ಯಕ್ರಮದಲ್ಲಿ ಹಿಡಿಯಿತು: ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯೊಡನೆ ಮಣ್ಣು ಪರೀಕ್ಷಿಸಿ, ಅರ್ಧಕ್ಕೂ ಹೆಚ್ಚು ಹೊಲಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ಕಂಡು, ಅವನ್ನೇ ಸಹಾಯಧನದಲ್ಲಿ ಕೊಡಲಾಯಿತು. ಅದೇ ಇಕ್ರಿಸ್ಯಾಟ್ ಮಲಾವಿಯ ಚಿಟೇಡ್ಜೆ ಸಂಶೋಧನಾ ಕೇಂದ್ರದಲ್ಲಿ ಶೇಂಗಾ ಮತ್ತು ತೊಗರಿಯ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ಹೀಗಿದ್ದೂ ತೊಗರಿ ದೇಶದ ಮಧ್ಯ ಮತ್ತು ಉತ್ತರ ಭಾಗಗಳಿಗೆ ನಿಧಾನವಾಗಿ ಹರಡಿದ್ದಕ್ಕೆ ಒಂದು ಕಾರಣ ತೀರಾ ಸಾಧಾರಣವಾದದ್ದು: ಜೋಳದ ಕೊಯ್ಲಾದ ಮೇಲೆ ಊರಿನ ಮೇಕೆ ದನಗಳನ್ನು ಬಯಲಿಗೆ ಬಿಡುತ್ತಾರೆ, ತೊಗರಿ ಆಗ ಇನ್ನೂ ಹಸಿರಾಗಿ ನಿಂತಿರುತ್ತದೆ. ಜನದಟ್ಟಣೆಯಿಂದ ದನ ಕಡಿಮೆಯಿರುವ ದಕ್ಷಿಣದಲ್ಲಿ ಮಾತ್ರ ಜೋಳದೊಳಗೆ ತೊಗರಿ ಹಳೆಯ ರೂಢಿ.

ಇನ್ನೊಂದು ಕಾರಣ ಭಾರತದಲ್ಲಿದೆ. ಮಲಾವಿಯ ತೊಗರಿಗೆ ಮುಖ್ಯ ಪೇಟೆ ನಮ್ಮದೇ. 2015ರಲ್ಲಿ ನಮ್ಮಲ್ಲಿ ತೊಗರಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಆಫ್ರಿಕದ ರೈತರೂ ಹೆಚ್ಚು ಬಿತ್ತಿದರು. 2016-17ರಲ್ಲಿ ಇಲ್ಲಿ ದಾಖಲೆಯ ಬೆಳೆ ಬಂದು ಕಲಬುರಗಿಯ ಮಾರುಕಟ್ಟೆಯಲ್ಲಿ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ನಮ್ಮ ರೈತರ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಮಲಾವಿಯ ಹಳ್ಳಿಗಳಲ್ಲಿ ಕೊಳ್ಳುವವರಿಲ್ಲದೆ ಬೆಲೆ ನೆಲಕಚ್ಚಿತು, ಅದೂ ಮಣ್ಣಿಗಾಗಿ ತೊಗರಿ ಹಾಕಿರೆಂದು ವಿಸ್ತರಣಾ ಕಾರ್ಯಕರ್ತರು ಹೇಳುತ್ತಿದ್ದ ಹೊತ್ತಿನಲ್ಲಿ. 2021ರಲ್ಲಿ ಆಮದು ಮತ್ತೆ ಮುಕ್ತವಾಗಿ, ಖಾಸಗಿ ವ್ಯಾಪಾರದ ಮೂಲಕ ವರ್ಷಕ್ಕೆ 50,000 ಟನ್ ತೊಗರಿಯನ್ನು ಐದು ವರ್ಷ ಮಲಾವಿಯಿಂದ ತರಿಸಿಕೊಳ್ಳುವ ಒಪ್ಪಂದಕ್ಕೆ ಎರಡೂ ಸರ್ಕಾರಗಳು ಬಂದವು.

ಅಷ್ಟರಲ್ಲಿ, 2020ರಲ್ಲಿ, ಅಲ್ಲಿನ ಹೊಸ ಸರ್ಕಾರ ಗೊಬ್ಬರ ಕಾರ್ಯಕ್ರಮಕ್ಕೆ ಹೊಸ ಹೆಸರಿಟ್ಟು ಸುಮಾರು 38 ಲಕ್ಷ ಕುಟುಂಬಗಳಿಗೆ ವಿಸ್ತರಿಸಿತ್ತು. 2022ರಲ್ಲಿ ಗೊಬ್ಬರದ ಬೆಲೆ ಮತ್ತೆ ಏರಿದಾಗ ಆ ಪಟ್ಟಿಯನ್ನು ಮೊಟಕುಗೊಳಿಸಬೇಕಾಯಿತು. 2024ರ ಮಾರ್ಚ್‌ನಲ್ಲಿ, ತೆನೆ ಕಟ್ಟುವ ಹೊತ್ತಿನ ಒಣಹವೆಯ ನಂತರ, ದೇಶದ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಸ್ಥಿತಿ ಘೋಷಣೆಯಾಯಿತು. ಚೀಲಗಳ ಸಂಖ್ಯೆ ಎರಡೇ ಇತ್ತು.